ಅಣು ವಿದ್ಯುತ್ ಸ್ಥಾವರದ ಕೇಬಲ್‌ಗೆ ವಯಸ್ಸಾಗುವುದು ಹೇಗೆ? ಈ ವಿಷಯದ ಪಿಎಚ್‌ಡಿಯಲ್ಲಿ ನಿಜವಾದ ಕೆಲಸ ಏನು?

ಪಾಲಿಮರ್ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿದಿದೆ, ಅಣುಸ್ಥಾವರದ ಪಾಲಿಮರ್‌ಗಳ ಮುಪ್ಪಿನ ಮೇಲೆ ಪಿಎಚ್‌ಡಿ ಮಾಡುವ ಅವಕಾಶ ಬಂದಿದೆ, ದಿನನಿತ್ಯದ ಕೆಲಸ ಹೇಗಿರುತ್ತದೆ, ಜನ ಎಲ್ಲಿ ಎಡವುತ್ತಾರೆ ಎಂದು ಕೇಳಿದ್ದೀರಿ. ಒಂದೇ ಮಾತಲ್ಲಿ ಹೇಳುವುದಾದರೆ, 40 ವರ್ಷದ ಮುಪ್ಪನ್ನು ಕೆಲವೇ ತಿಂಗಳಿಗೆ ಇಳಿಸಬೇಕು, ಹಾಗೆ ಇಳಿಸುವಾಗ ರಸಾಯನಕ್ರಿಯೆ ಬದಲಾಗಬಾರದು. ಮಾದರಿಯನ್ನು ಹಾಳು ಮಾಡುವುದು ಯಾರಿಗಾದರೂ ಬರುತ್ತದೆ. ಸ್ಥಾವರದಲ್ಲಿ ಹೇಗೆ ಹಾಳಾಗುತ್ತದೋ ಹಾಗೆಯೇ ಹಾಳು ಮಾಡುವುದು ಕಷ್ಟ.

ಸ್ಥಾವರದಲ್ಲಿ ಪಾಲಿಮರ್ ಎಂದರೆ ಓ-ರಿಂಗ್, ಗ್ಯಾಸ್ಕೆಟ್, ಗೋಡೆಯ ಎಪಾಕ್ಸಿ ಬಣ್ಣ ಎಲ್ಲವೂ ಬರುತ್ತವೆ, ಆದರೆ ಹೆಚ್ಚಿನ ಸಂಶೋಧನೆ ನಡೆದಿರುವುದು ಕೇಬಲ್ ಮೇಲೆ. ನೂರಾರು ಕಿಲೋಮೀಟರ್ ಉದ್ದದ ಕೇಬಲ್ ಕಿತ್ತು ಹೊಸದು ಹಾಕುವುದು ಸುಲಭವಲ್ಲ. ಸುರಕ್ಷತಾ ಕೇಬಲ್ ಆದರೆ ಸೇವೆಯ ಕೊನೆಯ ದಿನವೂ ಅಪಘಾತದ ಬಿಸಿ ಹಬೆಯನ್ನು ತಡೆದುಕೊಂಡು ಸಂಕೇತ ಕಳಿಸಬೇಕು. ನಮ್ಮ ಕೈಗಾದ ಮೊದಲ ಘಟಕ 2000ದಿಂದ ನಡೆಯುತ್ತಿದೆ, 2018ರಲ್ಲಿ ಮುಗಿದ ಒಂದು ಓಟದಲ್ಲಿ 962 ದಿನ ನಿಲ್ಲದೆ ಓಡಿತು. ರಿಯಾಕ್ಟರ್ ಓಡುತ್ತಿರುವಾಗ ವಿಕಿರಣ ಹೆಚ್ಚಿರುವ ಜಾಗಕ್ಕೆ ಹೋಗಿ ಕೇಬಲ್ ಮುಟ್ಟಿ ನೋಡಲಾಗದು. ಹಾಗಾಗಿ ಪ್ರಯೋಗಾಲಯದ ಅಂದಾಜು ಸರಿಯಿರಲೇಬೇಕು.

ಮೊದಲು ವಸ್ತು ಆರಿಸಿಕೊಳ್ಳಿ. ತಂತಿಯ ಸುತ್ತಲಿನ ಒಂದು ಇನ್ಸುಲೇಷನ್, ಅದರ ಹೊರಗಿನ ಒಂದು ಹೊದಿಕೆ ಸಾಕು. ಇನ್ಸುಲೇಷನ್‌ಗೆ ಎಕ್ಸ್‌ಎಲ್‌ಪಿಇ (ಕ್ರಾಸ್‌ಲಿಂಕ್ ಮಾಡಿದ, ಅಂದರೆ ಸರಪಳಿಗಳನ್ನು ಒಂದಕ್ಕೊಂದು ಬೆಸೆದ ಪಾಲಿಎಥಿಲೀನ್) ಅಥವಾ ಇಪಿಆರ್ (ಎಥಿಲೀನ್-ಪ್ರೊಪಿಲೀನ್ ರಬ್ಬರ್), ಹೊದಿಕೆಗೆ ಹಳೆಯ ಸ್ಥಾವರಗಳ ಸಿಎಸ್‌ಪಿಇ (ಕ್ಲೋರೊಸಲ್ಫೊನೇಟೆಡ್ ಪಾಲಿಎಥಿಲೀನ್), ಪಿವಿಸಿ ಅಥವಾ ಈಗಿನ ಹ್ಯಾಲೊಜನ್ ಇಲ್ಲದ ಇವಿಎ (ಎಥಿಲೀನ್-ವಿನೈಲ್ ಅಸಿಟೇಟ್) ಮಿಶ್ರಣ. ತಯಾರಕರು ಮಿಶ್ರಣದ ಗುಟ್ಟು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಮಾರುಕಟ್ಟೆಯ ಕೇಬಲ್ ಜೊತೆಗೆ ನಿಮಗೆ ಪೂರ್ತಿ ಗೊತ್ತಿರುವ ಸರಳ ಮಿಶ್ರಣಗಳನ್ನೂ ಮಾಡಿಸಿಕೊಳ್ಳಿ: ಬರೀ ಪಾಲಿಮರ್, ಆಂಟಿಆಕ್ಸಿಡೆಂಟ್ (ಆಮ್ಲಜನಕದ ಹಾನಿ ತಡೆಯುವ ವಸ್ತು) ಸೇರಿಸಿದ್ದು, ಅದಕ್ಕೆ ಫಿಲ್ಲರ್ ಕೂಡಿಸಿದ್ದು. ಇವಿಲ್ಲದಿದ್ದರೆ ಯಾವ ಬದಲಾವಣೆ ಯಾವುದರಿಂದ ಬಂತು ಎಂದು ಬಿಡಿಸಿ ಹೇಳಲಾಗದು.

ಲೆಕ್ಕ ಮುಂಚೆಯೇ ಹಾಕಿ. 3 ಉಷ್ಣತೆ, 3 ಡೋಸ್ ದರ (ಗಂಟೆಗೆ ಬೀಳುವ ವಿಕಿರಣದ ಪ್ರಮಾಣ), ಪ್ರತಿಯೊಂದರಲ್ಲೂ 6 ಸಲ ಮಾದರಿ ಹೊರತೆಗೆಯುವುದು, ಪ್ರತಿ ಸಲ ಎಳೆದು ನೋಡಲು 5 ತುಂಡು: ಒಂದೇ ವಸ್ತುವಿಗೆ 270 ತುಂಡು ಬೇಕು, ಕೆಟ್ಟುಹೋಗುವವು ಬೇರೆ. ಎಲ್ಲವೂ ಒಂದೇ ಡ್ರಮ್ಮಿನ ಕೇಬಲ್‌ನಿಂದ ಬರಬೇಕು. ನಡುವೆ ಮುಗಿದು ಬೇರೆ ಬ್ಯಾಚ್ ತಂದರೆ ಹಳೆಯ ಅಂಕಿಗಳ ಜೊತೆ ಕೂಡಿಸಲಾಗದು.

ಈಗ ಉಷ್ಣತೆ. ಉಷ್ಣತೆ ಏರಿದಂತೆ ಕ್ರಿಯೆಯ ವೇಗ ಎಷ್ಟು ಏರುತ್ತದೆ ಎಂದು ಹೇಳುವ ಅರ್ಹೇನಿಯಸ್ ಸೂತ್ರ ಪಠ್ಯದಲ್ಲಿ ಮುದ್ದಾಗಿ ಕಾಣುತ್ತದೆ. 50 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ವರ್ಷ ಕಳೆಯುವ ಕೇಬಲನ್ನು 120 ಡಿಗ್ರಿ ಓವನ್‌ನಲ್ಲಿ ಇಟ್ಟಿರಿ ಅನ್ನಿ. ಸಕ್ರಿಯಣ ಶಕ್ತಿ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆ) 1.1 ಎಲೆಕ್ಟ್ರಾನ್ ವೋಲ್ಟ್ ಎಂದು ಹಿಡಿದರೆ ಸುಮಾರು 13 ದಿನ ಸಾಕು. ಅದನ್ನೇ 0.9 ಎಂದು ಹಿಡಿದರೆ 46 ದಿನ, 1.3 ಎಂದರೆ ನಾಲ್ಕು ದಿನವೂ ಬೇಡ. ಒಂದು ಅಂಕಿ ಸ್ವಲ್ಪ ಆಚೀಚೆ ಆದರೆ ದಶಕಗಳೇ ಜಾರುತ್ತವೆ. ಹಳೆಯ ವರದಿಯಿಂದ ಆ ಅಂಕಿ ಎತ್ತಿಕೊಂಡು ಬಂದು ಹಾಕುವುದನ್ನು ನಾನು ಒಪ್ಪುವುದಿಲ್ಲ, ನಿಮ್ಮ ವಸ್ತುವಿಗೆ ನೀವೇ ಅಳೆಯಬೇಕು. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಎಕ್ಸ್‌ಎಲ್‌ಪಿಇಯಲ್ಲಿರುವ ಸ್ಫಟಿಕ ಭಾಗ ಸುಮಾರು 105-115 ಡಿಗ್ರಿಯ ಹೊತ್ತಿಗೆ ಕರಗುತ್ತದೆ. 120 ಡಿಗ್ರಿಯಲ್ಲಿ ನೀವು ಮುಪ್ಪಾಗಿಸುತ್ತಿರುವುದು ಕರಗಿದ ವಸ್ತುವನ್ನು, ಸ್ಥಾವರದಲ್ಲಿರುವುದು ಸ್ಫಟಿಕ ಉಳಿದ ವಸ್ತು. ಆ ಕರಗುವ ಉಷ್ಣತೆಯನ್ನು ದಾಟಿ ಎಳೆದ ಅರ್ಹೇನಿಯಸ್ ನೇರ ರೇಖೆಗೆ ಅರ್ಥವಿಲ್ಲ. 90 ಡಿಗ್ರಿಗೆ ಇಳಿದರೆ ಅದೇ 1.1ಕ್ಕೆ ಸುಮಾರು 188 ದಿನ ಬೇಕಾಗುತ್ತದೆ. ಈ ಕಾಯುವಿಕೆಯನ್ನು ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಎಕ್ಸ್‌ಎಲ್‌ಪಿಇ ವಿಕಿರಣದಡಿ ಇನ್ನೊಂದು ವಿಚಿತ್ರ ಗುಣ ತೋರಿಸುತ್ತದೆ. ಕೋಣೆಯ ಉಷ್ಣತೆಯ ಹತ್ತಿರ ವಿಕಿರಣಕ್ಕೆ ಒಡ್ಡಿದ ತುಂಡು ಹೆಚ್ಚು ಬಿಸಿಯಲ್ಲಿ ಒಡ್ಡಿದ ತುಂಡಿಗಿಂತ ಬೇಗ ಪೆಡಸಾಗಬಹುದು. ಬಿಸಿಯಲ್ಲಿ ಸರಪಳಿಗಳು ಅಲುಗಾಡಿ ಸ್ಫಟಿಕಗಳ ಸುತ್ತ ಆದ ಗಾಯ ಕೊಂಚ ಮಾಯುತ್ತದೆ, ತಣ್ಣಗಿದ್ದಾಗ ಹಾಗೇ ಉಳಿಯುತ್ತದೆ. ಬಿಸಿ ಹೆಚ್ಚಾದಷ್ಟೂ ಮುಪ್ಪು ವೇಗ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಡೋಸ್ ದರವೇ ಈ ಕ್ಷೇತ್ರದ ಹೃದಯ. ಗಂಟೆಗೆ 0.1 ಗ್ರೇ (ವಸ್ತು ಹೀರಿದ ವಿಕಿರಣದ ಅಳತೆ) ಬೀಳುವ ಜಾಗದಲ್ಲಿ 40 ವರ್ಷಕ್ಕೆ ಒಟ್ಟು 35 ಕಿಲೋಗ್ರೇ. ಗಂಟೆಗೆ 5 ಕಿಲೋಗ್ರೇ ಕೊಡುವ ಕೋಬಾಲ್ಟ್-60 ಗಾಮಾ ಚೇಂಬರ್‌ನಲ್ಲಿ ಅದು 7 ಗಂಟೆಯ ಕೆಲಸ. ಒಟ್ಟು ಡೋಸ್ ಒಂದೇ, ಫಲಿತಾಂಶ ಒಂದೇ ಅಲ್ಲ. ವಿಕಿರಣ ಹುಟ್ಟಿಸುವ ರ‍್ಯಾಡಿಕಲ್‌ಗಳು (ಬಂಧ ಮುರಿದು ಚುರುಕಾದ ತುಣುಕುಗಳು) ಆಮ್ಲಜನಕ ಸಿಕ್ಕರೆ ಸರಪಳಿ ಕಡಿಯುತ್ತವೆ, ಸಿಗದಿದ್ದರೆ ಒಂದಕ್ಕೊಂದು ಕೂಡಿ ಕ್ರಾಸ್‌ಲಿಂಕ್ ಆಗಬಹುದು. 7 ಗಂಟೆಯಲ್ಲಿ ಮೇಲ್ಪದರದ ಆಮ್ಲಜನಕವೆಲ್ಲ ಅಲ್ಲೇ ಖರ್ಚಾಗಿ ಒಳಗೆ ಇಳಿಯುವುದೇ ಇಲ್ಲ. ಮೇಲೆ ಒಣಕಲು ಪದರ, ಒಳಗೆ ಹೊಸತರಂಥ ವಸ್ತು. 40 ವರ್ಷದಲ್ಲಿ ಆಮ್ಲಜನಕಕ್ಕೆ ಒಳಗಿಳಿಯಲು ಬೇಕಾದಷ್ಟು ಸಮಯವಿರುತ್ತದೆ, ದಪ್ಪವೆಲ್ಲ ಕೆಡುತ್ತದೆ. ಚೇಂಬರ್‌ನ ಅವಸರ ಕೇಬಲ್‌ಗೆ ಇಲ್ಲದ ಆಯಸ್ಸನ್ನು ಕೊಟ್ಟುಬಿಡುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ತುಂಡನ್ನು ಅಡ್ಡಲಾಗಿ ಕತ್ತರಿಸಿ, ರೆಸಿನ್‌ನಲ್ಲಿ ಕೂರಿಸಿ, ಪಾಲಿಷ್ ಮಾಡಿ, ಹೊರ ಅಂಚಿನಿಂದ ಒಳಗೆ 50 ಮೈಕ್ರಾನ್ ಹೆಜ್ಜೆಯಲ್ಲಿ ಮೈಕ್ರೋ ಇಂಡೆಂಟರ್ (ಸಣ್ಣ ಮೊನೆ ಒತ್ತಿ ಗಡಸುತನ ಅಳೆಯುವ ಉಪಕರಣ) ಒತ್ತುತ್ತಾ ಹೋಗಿ. ಗಡಸುತನದ ಗೆರೆ ಸಮತಟ್ಟಾಗಿದ್ದರೆ ನಿಮ್ಮ ಡೋಸ್ ದರ ಸರಿಯಿದೆ. ಅಂಚಿನಲ್ಲಿ ಏರಿ ನಡುವೆ ಇಳಿದು ಮತ್ತೆ ಏರಿ ಇಂಗ್ಲಿಷಿನ ಯು ಆಕಾರ ಬಂದರೆ ಆ ದರದ ಅಂಕಿಗಳನ್ನು ಆಯಸ್ಸಿನ ಲೆಕ್ಕಕ್ಕೆ ಬಳಸಬೇಡಿ. ಪ್ರತಿ ಹೊಸ ಸ್ಥಿತಿಯಲ್ಲೂ ಮೊದಲು ಈ ಪರೀಕ್ಷೆ, ಆಮೇಲೆ ಉಳಿದದ್ದು.

ಚೇಂಬರ್ ಬಳಸುವಾಗ ಸಣ್ಣದಾಗಿ ಕಂಡು ದೊಡ್ಡದಾಗಿ ಕಾಡುವ ಸಂಗತಿಗಳಿವೆ. ಮುಚ್ಚಿದ ಕೋಶದಲ್ಲಿ ಆಮ್ಲಜನಕ ಖಾಲಿಯಾಗುತ್ತದೆ, ಓಜೋನ್ ಸೇರುತ್ತದೆ, ಹಾಗಾಗಿ ಗಾಳಿ ಹರಿಸುತ್ತಲೇ ಇರಬೇಕು. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ, ಅಂದರೆ ತಿಂಗಳಿಗೆ ಶೇ. 1ಕ್ಕಿಂತ ಸ್ವಲ್ಪ ಹೆಚ್ಚು ದರ ಇಳಿಯುತ್ತದೆ. ವರ್ಷದ ಪ್ರಯೋಗದಲ್ಲಿ ಇದನ್ನು ಮರೆತರೆ ಡೋಸ್ ಲೆಕ್ಕ ತಪ್ಪುತ್ತದೆ. ಹೊರತೆಗೆದ ಮೇಲೂ ಸ್ಫಟಿಕದೊಳಗೆ ಸಿಕ್ಕಿಕೊಂಡ ರ‍್ಯಾಡಿಕಲ್‌ಗಳು ಆಮ್ಲಜನಕದ ಜೊತೆ ಕೆಲಸ ಮುಂದುವರಿಸುತ್ತವೆ. ಒಂದು ತುಂಡನ್ನು ಮರುದಿನ, ಇನ್ನೊಂದನ್ನು ಎರಡು ತಿಂಗಳ ಮೇಲೆ ಪರೀಕ್ಷಿಸಿದರೆ ಎರಡೂ ಹೊಂದುವುದಿಲ್ಲ. ಒಂದು ಅವಧಿ ಗೊತ್ತುಮಾಡಿಕೊಂಡು ಎಲ್ಲಕ್ಕೂ ಅದನ್ನೇ ಪಾಲಿಸಿ, ಉಳಿಸಿಟ್ಟ ತುಂಡುಗಳನ್ನು ನೈಟ್ರೋಜನ್‌ನಲ್ಲಿ, ಕತ್ತಲಲ್ಲಿ, ತಣ್ಣಗೆ ಇಡಿ.

ಅಳತೆಗಳ ಪೈಕಿ ಎಳೆದು ಮುರಿಯುವ ಪರೀಕ್ಷೆಯೇ ಆಧಾರ. ಹೊಸ ಇನ್ಸುಲೇಷನ್ ಮುರಿಯುವ ಮುನ್ನ ತನ್ನ ಉದ್ದದ ಶೇ. 300ಕ್ಕೂ ಹೆಚ್ಚು ಹಿಗ್ಗುತ್ತದೆ. ಅದು ಶೇ. 50ಕ್ಕೆ ಇಳಿದರೆ ಆಯಸ್ಸು ಮುಗಿಯಿತು ಎಂಬುದು ವಾಡಿಕೆಯ ಮಿತಿ. ತಂತಿ ಎಳೆದು ತೆಗೆದ ಕೊಳವೆ ತುಂಡಿನ ಎರಡೂ ತುದಿಗೆ ಮೆತ್ತನೆಯ ಬಿರಡೆ ಹಾಕಿ, ಇಲ್ಲದಿದ್ದರೆ ಹಿಡಿಕೆಯಲ್ಲೇ ಮುರಿಯುತ್ತದೆ. ಹಿಡಿಕೆಯಲ್ಲಿ ಮುರಿದ ಅಂಕಿಯನ್ನು ಬಿಡಿ.

ಡಿಎಸ್‌ಸಿಯಲ್ಲಿ (ಬಿಸಿ ಮಾಡುವಾಗ ತುಂಡು ಹೀರುವ, ಬಿಡುವ ಶಾಖ ಅಳೆಯುವ ಉಪಕರಣ) 10 ಮಿಲಿಗ್ರಾಂ ತುಂಡನ್ನು ನೈಟ್ರೋಜನ್‌ನಲ್ಲಿ ಸುಮಾರು 210 ಡಿಗ್ರಿಗೆ ಒಯ್ದು ಆಮ್ಲಜನಕ ಬಿಟ್ಟು, ಉತ್ಕರ್ಷಣೆಯ ಶಾಖ ಹೊಮ್ಮಲು ತೊಡಗುವವರೆಗಿನ ನಿಮಿಷ ಎಣಿಸಿದರೆ ಆಂಟಿಆಕ್ಸಿಡೆಂಟ್ ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ. ತಾಮ್ರಕ್ಕೆ ತಾಗಿದ್ದ ಒಳಮೈಯಿಂದ ತುಂಡು ತೆಗೆಯಬೇಡಿ, ತಾಮ್ರವೇ ಉತ್ಕರ್ಷಣೆಯನ್ನು ಚುರುಕುಗೊಳಿಸಿ ಸಮಯ ಕಡಿಮೆ ತೋರಿಸುತ್ತದೆ. ಅಲ್ಯುಮಿನಿಯಂ ಟ್ರೈಹೈಡ್ರೇಟ್ ತುಂಬಿದ ಮಿಶ್ರಣವಾದರೆ 200 ಡಿಗ್ರಿಯ ಆಸುಪಾಸಿನಿಂದ ಅದು ನೀರು ಬಿಡಲು ತೊಡಗಿ ಗೆರೆಯನ್ನು ಕೆಡಿಸುತ್ತದೆ. ಎಫ್‌ಟಿಐಆರ್‌ನಲ್ಲಿ (ಅವಗೆಂಪು ಬೆಳಕಿನಿಂದ ರಾಸಾಯನಿಕ ಗುಂಪು ಗುರುತಿಸುವ ಉಪಕರಣ) ಪ್ರತಿ ಸೆಂಟಿಮೀಟರ್‌ಗೆ 1715 ತರಂಗಸಂಖ್ಯೆಯ ಸುತ್ತ ಏಳುವ, ಉತ್ಕರ್ಷಣೆಯ ಗುರುತಾದ ಕಾರ್ಬೊನಿಲ್ ಪಟ್ಟಿ ಎಕ್ಸ್‌ಎಲ್‌ಪಿಇಗೆ ಒಳ್ಳೆಯ ಸಾಕ್ಷಿ. ಇವಿಎಯಲ್ಲಿ ಮೊದಲೇ 1740ರಲ್ಲಿ ದೊಡ್ಡ ಎಸ್ಟರ್ ಪಟ್ಟಿ ಇರುವುದರಿಂದ ಹೊಸದು ಅದರಡಿ ಮುಳುಗಿಹೋಗುತ್ತದೆ.

ಸ್ಥಾವರದಲ್ಲಿ ಕೇಬಲ್ ಮುರಿದು ನೋಡಲಾಗದಲ್ಲ, ಅಲ್ಲಿ ಹೊರಮೈಗೆ ಒತ್ತುವ ಇಂಡೆಂಟರ್ ಉಪಯೋಗಕ್ಕೆ ಬರುತ್ತದೆ. ಸಿಎಸ್‌ಪಿಇ, ಪಿವಿಸಿಗೆ ಅದು ಚೆನ್ನಾಗಿ ಹೊಂದುತ್ತದೆ. ಎಕ್ಸ್‌ಎಲ್‌ಪಿಇಯಲ್ಲಿ ಅಂಕಿ ಹೆಚ್ಚು ಕದಲುವುದಿಲ್ಲ, ವಸ್ತು ಆಂಟಿಆಕ್ಸಿಡೆಂಟ್ ಮುಗಿಯುವವರೆಗೆ ಗಟ್ಟಿಯಾಗಿದ್ದು ಆಮೇಲೆ ದಿಢೀರನೆ ಬೀಳುತ್ತದೆ. ಯಾವ ವಸ್ತುವಿಗೆ ಯಾವ ಅಳತೆ ಮುಂಚಿತವಾಗಿ ಎಚ್ಚರಿಸುತ್ತದೆ ಎಂಬುದೊಂದೇ ಪೂರ್ತಿ ಪ್ರಬಂಧವಾಗಬಲ್ಲ ಪ್ರಶ್ನೆ. ನನ್ನ ಮಟ್ಟಿಗೆ ಸ್ಥಾವರಕ್ಕೆ ಅತಿ ಹೆಚ್ಚು ಬೇಕಾಗಿರುವ ಉತ್ತರವೂ ಅದೇ.

ಭಾರತದಲ್ಲಾದರೆ ಟ್ರಾಂಬೆಯ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ), ಕಲ್ಪಾಕ್ಕಂನ ಐಜಿಕಾರ್ (ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ) ಎರಡರಲ್ಲೂ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಯ ಮೂಲಕ ಪಿಎಚ್‌ಡಿ ಮಾಡಬಹುದು. ಎಲ್ಲೇ ಸೇರಿದರೂ ಒಪ್ಪುವ ಮುನ್ನ ಕಡಿಮೆ ಡೋಸ್ ದರದ ವಿಕಿರಣ ಸೌಲಭ್ಯ ಎಷ್ಟು ತಿಂಗಳು ಸಿಗುತ್ತದೆ ಎಂದು ಮಾರ್ಗದರ್ಶಕರನ್ನು ಕೇಳಿ. ಸಣ್ಣ ಚೇಂಬರ್ ಸಾಲದು, ಮೂಲದಿಂದ ದೂರ ಇಟ್ಟು ದರ ಇಳಿಸಬಹುದಾದ ಕೊಠಡಿಯಂಥ ಸೌಲಭ್ಯ ಬೇಕು. ಗಂಟೆಗೆ 10 ಗ್ರೇ ದರದಲ್ಲಿ ಆ 35 ಕಿಲೋಗ್ರೇ ತುಂಬಲು 146 ದಿನ ಹಿಡಿಯುತ್ತದೆ. ಆ ತುಂಡುಗಳನ್ನೂ 90 ಡಿಗ್ರಿ ಓವನ್‌ನ ತುಂಡುಗಳನ್ನೂ ಮೊದಲ ಆರು ತಿಂಗಳಲ್ಲೇ ಒಳಗಿಟ್ಟುಬಿಡಿ. ಸಾಹಿತ್ಯ ಓದುವುದು, ಡಿಎಸ್‌ಸಿ ಕಲಿಯುವುದು, ಮಾದರಿ ಸಮೀಕರಣ ಬರೆಯುವುದು ಎಲ್ಲ ಅವು ಒಳಗೆ ಕೂತಿರುವಾಗ ಮಾಡಬಹುದು.