ಕೈ ಆಡಿಸಿದರೆ ಪರದೆ ಒಂದು ಸೆಕೆಂಡ್ ತಡ: ಬೋರ್ಡ್ ಬದಲಾಯಿಸುವ ಮೊದಲು ಇದನ್ನು ನೋಡಿ

ಸರ್, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಯುಎಸ್‌ಬಿ ವೆಬ್‌ಕ್ಯಾಮ್, ಮೇಲೆ ಚಿತ್ರದಲ್ಲಿನ ವಸ್ತು ಗುರುತಿಸುವ ಯೋಲೋ ಮಾಡೆಲ್. ವಿಜ್ಞಾನ ಪ್ರದರ್ಶನಕ್ಕೆ ಬಂದವರು ಕ್ಯಾಮೆರಾಗೆ ವಸ್ತು ತೋರಿಸಬೇಕು, ಪರದೆ ಅದರ ಹೆಸರು ಹೇಳಬೇಕು. ಸೆಕೆಂಡಿಗೆ ಮೂರೇ ಫ್ರೇಮ್ (ಚಿತ್ರ) ಬರುತ್ತಿದೆ, ಜೊತೆಗೆ ಒಂದು ಸೆಕೆಂಡ್ ತಡ. ಇನ್ನೂ ವೇಗದ ಪೈ 5 ಬೋರ್ಡ್ ತಗೊಳ್ಳಲಾ ಅಂತ ಕೇಳಿದ್ದೀರಿ. ಈಗಲೇ ಬೇಡ.

ಮೂರು ಫ್ರೇಮ್ ಬರುವುದು ಒಂದು ತೊಂದರೆ, ಒಂದು ಸೆಕೆಂಡ್ ತಡ ಆಗುವುದು ಬೇರೆ ತೊಂದರೆ. ಹೆಸರು ಸ್ವಲ್ಪ ನಿಧಾನವಾಗಿ ಬಂದರೆ ಜನ ಸಹಿಸಿಕೊಳ್ಳುತ್ತಾರೆ. ತಮ್ಮದೇ ಕೈ ಪರದೆಯಲ್ಲಿ ತಡವಾಗಿ ಆಡಿದರೆ ಮಾತ್ರ ಐದು ಸೆಕೆಂಡ್ ನೋಡಿ ಮುಂದಿನ ಸ್ಟಾಲಿಗೆ ಹೋಗಿಬಿಡುತ್ತಾರೆ.

ತಡ ಎಲ್ಲಿಂದ ಬರುತ್ತದೆ? ನೀವು ಒಂದೇ ಲೂಪಿನಲ್ಲಿ ಫ್ರೇಮ್ ಓದಿ, ಮಾಡೆಲ್‌ಗೆ ಕೊಟ್ಟು, ಆಮೇಲೆ ತೋರಿಸುತ್ತಿದ್ದೀರಿ ಅನ್ಸುತ್ತೆ. ಕ್ಯಾಮೆರಾ ಚಿತ್ರ ಓದಿಕೊಡುವ ಓಪನ್‌ಸಿವಿ ಲೈಬ್ರರಿ ಹಿಂದುಗಡೆ ಕೆಲವು ಫ್ರೇಮ್‌ಗಳನ್ನು ಸಾಲಾಗಿ ನಿಲ್ಲಿಸಿಕೊಂಡಿರುತ್ತದೆ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ನಾಲ್ಕು. ಮಾಡೆಲ್ ಒಂದು ಫ್ರೇಮ್‌ಗೆ 330 ಮಿಲಿಸೆಕೆಂಡ್ ತಿಂದರೆ, ನಾಲ್ಕನೆಯದರ ಸರದಿ ಬರುವಾಗ ಅದು ಸುಮಾರು ಒಂದು ಸೆಕೆಂಡ್ ಹಳೆಯದು. ಅಂದರೆ ನೀವು ನೋಡುತ್ತಿರುವುದು ಹಳಸಿದ ಚಿತ್ರ.

ಪರಿಹಾರ ಸುಲಭ, ಕೆಲಸವನ್ನು ಮೂರಾಗಿ ಒಡೆಯಿರಿ. ಒಂದು ಥ್ರೆಡ್ (ಪ್ರೋಗ್ರಾಮ್ ಒಳಗೆ ಬೇರೆಯಾಗಿ ಓಡುವ ಕೆಲಸದ ಸಾಲು) ಕ್ಯಾಮೆರಾದಿಂದ ಓದುತ್ತಲೇ ಇರಲಿ. ಹೊಸ ಫ್ರೇಮ್ ಬಂದರೆ ಹಳೆಯದನ್ನು ಎಸೆದುಬಿಡಲಿ, ಕೈಯಲ್ಲಿ ಯಾವಾಗಲೂ ಒಂದೇ ಇರಬೇಕು. ಮಾಡೆಲ್ ಇನ್ನೊಂದು ಥ್ರೆಡ್‌ನಲ್ಲಿ ಓಡಲಿ. ತನಗೆ ಬಿಡುವಾದಾಗ ಆ ಕ್ಷಣದ ಫ್ರೇಮ್ ಎತ್ತಿಕೊಂಡು, ವಸ್ತುವಿನ ಸುತ್ತ ಹಾಕುವ ಬಾಕ್ಸ್‌ಗಳನ್ನು ಬರೆದಿಡಲಿ. ಮುಖ್ಯ ಲೂಪ್ ಸುಮ್ನೆ ಹೊಸ ಚಿತ್ರದ ಮೇಲೆ ಕೊನೆಯ ಬಾಕ್ಸ್ ಹಾಕಿ ತೋರಿಸುತ್ತಿರಲಿ. ವಿಂಡೋ ತೋರಿಸುವ ಕೆಲಸ ಮಾತ್ರ ಮುಖ್ಯ ಥ್ರೆಡ್‌ನಲ್ಲೇ ಇರಲಿ, ಬೇರೆ ಕಡೆ ಇಟ್ಟರೆ ಅದು ಕೈಕೊಡುತ್ತದೆ. ಹೀಗೆ ಮಾಡಿದರೆ ಚಿತ್ರ ಸರಾಗವಾಗಿ ಓಡುತ್ತದೆ, ಬಾಕ್ಸ್ ಮಾತ್ರ ಸ್ವಲ್ಪ ಹಿಂದೆ ತೇಲುತ್ತದೆ. ಜನರಿಗೆ ಅದು ಗೊತ್ತೂ ಆಗುವುದಿಲ್ಲ.

ತಡ ಎಷ್ಟಿದೆ ಅಂತ ಅಂದಾಜಲ್ಲಿ ಹೇಳಬೇಡಿ, ಅಳೆಯಿರಿ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾ ಮುಂದೆ ಹಿಡಿಯಿರಿ. ಇನ್ನೊಂದು ಮೊಬೈಲ್‌ನಿಂದ ಆ ಸ್ಟಾಪ್‌ವಾಚ್ ಮತ್ತು ಪರದೆ ಎರಡೂ ಬರುವಂತೆ ಫೋಟೋ ತೆಗೆಯಿರಿ. ಎರಡು ಅಂಕಿಗಳ ವ್ಯತ್ಯಾಸವೇ ನಿಮ್ಮ ತಡ. ನಾನು 200 ಮಿಲಿಸೆಕೆಂಡ್ ಒಳಗೆ ಬರುವವರೆಗೆ ಬೇರೆ ಯಾವುದಕ್ಕೂ ಕೈ ಹಾಕುವುದಿಲ್ಲ.

ವೆಬ್‌ಕ್ಯಾಮ್ ಫಾರ್ಮ್ಯಾಟ್ ಕೂಡ ನೋಡಿ. ತುಂಬ ಯುಎಸ್‌ಬಿ 2 ಕ್ಯಾಮೆರಾಗಳು 1280×720 ಅಳತೆಯಲ್ಲಿ ಕಚ್ಚಾ ಚಿತ್ರ ಕಳಿಸುವಾಗ 10 ಫ್ರೇಮ್‌ಗೇ ಸುಸ್ತಾಗುತ್ತವೆ. ಪ್ರತಿ ಚಿತ್ರವನ್ನೂ ಕುಗ್ಗಿಸಿ ಕಳಿಸುವ ಎಂಜೆಪಿಜಿ ಕೇಳಿದರೆ 30 ಕೊಡುತ್ತವೆ. ಮಾಡೆಲ್‌ಗೆ ಕೊಡುವ ಚಿತ್ರವನ್ನು 640 ಪಿಕ್ಸೆಲ್ ಬದಲು 320ಕ್ಕೆ ಇಳಿಸಿ, ಮಾಡೆಲನ್ನು ಚಿಕ್ಕ ಬೋರ್ಡ್‌ಗಳಲ್ಲಿ ವೇಗವಾಗಿ ಓಡುವ ಎನ್‌ಸಿಎನ್‌ಎನ್ ರೂಪಕ್ಕೆ ಬದಲಾಯಿಸಿ. ಕೈಗೆತ್ತಿ ತೋರಿಸುವ ವಸ್ತುಗಳಿಗೆ ಅಷ್ಟು ಸಾಕು.

ಇನ್ನು ಆಟದ ವಿಷಯ. ಸಿದ್ಧ ಯೋಲೋ ಮಾಡೆಲ್‌ಗೆ ಗೊತ್ತಿರುವುದು 80 ಬಗೆಯ ವಸ್ತುಗಳು ಮಾತ್ರ, ಅದರಲ್ಲಿ ಪೆನ್ ಇಲ್ಲ. ಆದರೆ ಪೆನ್ ಎಲ್ಲರ ಜೇಬಿನಲ್ಲೂ ಇರುತ್ತದೆ, ಮೊದಲು ಅದನ್ನೇ ತೋರಿಸುತ್ತಾರೆ. ಮಾಡೆಲ್ ಟೂತ್‌ಬ್ರಷ್ ಅನ್ನಬಹುದು! ಇದನ್ನು ಮುಚ್ಚಿಡಬೇಡಿ. ಹೆಸರಿನ ಪಕ್ಕ ಎಷ್ಟು ಭರವಸೆ ಅನ್ನುವ ಅಂಕಿಯನ್ನೂ ದೊಡ್ಡದಾಗಿ ಹಾಕಿ, ‘ಇದಕ್ಕೆ ಮೋಸ ಮಾಡಿ ನೋಡಿ’ ಅಂತ ಬರೆದಿಡಿ. ಬರೀ ಹೆಸರು ಹೇಳುವ ಯಂತ್ರಕ್ಕಿಂತ ಮೋಸ ಹೋಗುವ ಯಂತ್ರದ ಮುಂದೆ ಮಕ್ಕಳು ಜಾಸ್ತಿ ಹೊತ್ತು ನಿಲ್ಲುತ್ತಾರೆ. ಹೆಸರು ಮಿಣಮಿಣ ಅಂತ ಬಂದು ಹೋಗುತ್ತಿದ್ದರೆ ಆ ಭರವಸೆಯ ಅಂಕಿಗೆ ಎರಡು ಮಿತಿ ಇಡಿ: 0.6 ದಾಟಿದರೆ ತೋರಿಸು, 0.4ಕ್ಕಿಂತ ಕೆಳಗಿಳಿದರೆ ಮಾತ್ರ ತೆಗೆ.

ಚಿತ್ರವನ್ನು ಕನ್ನಡಿಯಂತೆ ತಿರುಗಿಸುವುದು ಮರೆಯಬೇಡಿ. ಇಲ್ಲದಿದ್ದರೆ ಜನ ಬಲಕ್ಕೆ ಹೋಗಲು ಎಡಕ್ಕೆ ಹೆಜ್ಜೆ ಇಡುತ್ತಾರೆ. ಅಕ್ಷರ ಬರೆಯುವುದು ತಿರುಗಿಸಿದ ಮೇಲೆ. ಮುಂದೆ ಕೈ, ಬೆರಳು ಗುರುತಿಸುವ ಮೀಡಿಯಾಪೈಪ್ ಲೈಬ್ರರಿಯಲ್ಲಿ ಕೈಬೆರಳಿನ ಆಟ ಮಾಡುವುದಾದರೆ (ಒಂದು ಕೈಗೆ 21 ಬಿಂದು ಕೊಡುತ್ತದೆ, ಚೆನ್ನಾಗಿದೆ) ಅದಕ್ಕೂ ತಿರುಗಿಸಿದ ಚಿತ್ರವನ್ನೇ ಕೊಡಿ. ಎಡಗೈ ಬಲಗೈ ಲೆಕ್ಕವನ್ನು ಅದು ಕನ್ನಡಿ ಚಿತ್ರ ಅಂದುಕೊಂಡೇ ಹಾಕುತ್ತದೆ.

ಬೆಳಕು ಮುಂದಿನಿಂದ ಬರಲಿ, ಬೆನ್ನ ಹಿಂದೆ ಕಿಟಕಿ ಬೇಡ. ಕತ್ತಲಾದರೆ ಕ್ಯಾಮೆರಾ ತಾನಾಗಿಯೇ ಎಕ್ಸ್‌ಪೋಷರ್ ಹಿಗ್ಗಿಸಿಕೊಳ್ಳುತ್ತದೆ, ಫ್ರೇಮ್ ಇಳಿಯುತ್ತದೆ, ಆಡಿಸಿದ ಕೈ ಮಸುಕಾಗುತ್ತದೆ. ಹಿನ್ನೆಲೆಯಲ್ಲಿ ಏನಿದೆ ಅಂತಲೂ ನೋಡಿ. ಒಮ್ಮೆ ನಾನು ಮುಖ ಎಣಿಸುವ ಆಟ ಇಟ್ಟಿದ್ದೆ. ಯಾರೂ ಇಲ್ಲದಿದ್ದರೂ ಪರದೆ ನಾಲ್ಕು ಮುಖ ಅನ್ನುತ್ತಿತ್ತು. ಅರ್ಧ ಗಂಟೆ ಕೋಡ್ ಕೆದಕಿದ ಮೇಲೆ ತಲೆ ಎತ್ತಿ ನೋಡಿದರೆ ಎದುರಿನ ಬ್ಯಾನರ್‌ನಲ್ಲಿ ನಾಲ್ಕು ಜನ ನಗುತ್ತಾ ನಿಂತಿದ್ದರು.

ಪವರ್ ವಿಷಯದಲ್ಲಿ ಉಳಿತಾಯ ಬೇಡ. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಬೇಕು. ಹಳೆಯ ಮೊಬೈಲ್ ಚಾರ್ಜರ್ ಬೋರ್ಡನ್ನು ಆನ್ ಮಾಡುತ್ತದೆ, ಮಾಡೆಲ್ ಓಡಿಸಿದ ಕೂಡಲೇ ವೋಲ್ಟೇಜ್ ಬೀಳುತ್ತದೆ. ಒಂದು ಗಂಟೆ ಓಡಿಸಿ ‘ವಿಸಿಜೆನ್‌ಸಿಎಂಡಿ ಗೆಟ್ ಥ್ರಾಟಲ್ಡ್’ (vcgencmd get_throttled) ಕಮಾಂಡ್ ಕೊಡಿ. ಸೊನ್ನೆ (0x0) ಬಂದರೆ ಸರಿ. 0x50005 ಬಂದರೆ ವೋಲ್ಟೇಜ್ ಸಾಲುತ್ತಿಲ್ಲ, ಬೋರ್ಡ್ ವೇಗ ತಗ್ಗಿಸಿಕೊಂಡಿದೆ ಅಂತ ಅರ್ಥ. ಬಿಸಿ 80 ಡಿಗ್ರಿ ದಾಟಿದರೂ ವೇಗ ಇಳಿಸುತ್ತದೆ, ಹಾಗಾಗಿ ಚಿಕ್ಕ ಫ್ಯಾನ್ ಹಾಕಿ.

ಬೋರ್ಡಿನ ಸಿಸ್ಟಮ್ ಎಲ್ಲ ಇರುವ ಎಸ್‌ಡಿ ಕಾರ್ಡ್ ಬಗ್ಗೆ ನನ್ನ ಕಹಿ ಅನುಭವ: ಸಂಜೆ ಮನೆಗೆ ಹೊರಡುವಾಗ ಯಾರೋ ನೇರವಾಗಿ ಪ್ಲಗ್ ಕಿತ್ತರು. ಮರುದಿನ ಬೆಳಿಗ್ಗೆ ಬೋರ್ಡ್ ಏಳಲೇ ಇಲ್ಲ. ಅಂದಿನಿಂದ ಎಲ್ಲ ಮುಗಿದ ಮೇಲೆ ಪೈನ ಸೆಟ್ಟಿಂಗ್ ಮೆನು ರಾಸ್ಪಿ ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡುತ್ತೇನೆ, ಆಗ ಕಾರ್ಡಿಗೆ ಏನೂ ಬರೆಯುವುದಿಲ್ಲ. ಪ್ರೋಗ್ರಾಮ್ ತಾನಾಗಿ ಶುರುವಾಗಲು, ಬಿದ್ದರೆ ಮತ್ತೆ ಏಳಲು ಸಿಸ್ಟಮ್‌ಡಿ ಸರ್ವಿಸ್ ಮಾಡಿ. ಓವರ್‌ಲೇಯಿಂದ ಇನ್ನೊಂದು ಲಾಭ: ಜನರ ಮುಖ ಕಾರ್ಡಿನಲ್ಲಿ ಉಳಿಯುವುದಿಲ್ಲ. ‘ಚಿತ್ರ ಉಳಿಸಿಕೊಳ್ಳುವುದಿಲ್ಲ’ ಅಂತ ಫಲಕ ಹಾಕಿದರೆ ಅದು ನಿಜವೂ ಆಗಿರುತ್ತದೆ.

ಇಷ್ಟಾದರೂ ಮಾಡೆಲ್ ನಿಧಾನ ಅನಿಸಿದರೆ ಆಗ ಖರ್ಚಿನ ಯೋಚನೆ ಮಾಡೋಣ. ಮಾಡೆಲ್ ಸೆನ್ಸರ್ ಒಳಗೇ ಓಡುವ ಎಐ ಕ್ಯಾಮೆರಾ ನಿಮ್ಮ ಪೈ 4ಕ್ಕೂ ಹೊಂದುತ್ತದೆ. ಮೊದಲು ಥ್ರೆಡ್ ಬದಲಾಯಿಸಿ, ಸ್ಟಾಪ್‌ವಾಚ್ ಫೋಟೋ ಇಲ್ಲೇ ಹಾಕಿ ಸರ್.