ಪದ ಪ್ರಶ್ನೆ: ತೋಟದ ರೈಟರ್

ಪ್ರಶ್ನೆ: ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್. ಇಂಗ್ಲಿಷ್ ಅರ್ಜಿಯಲ್ಲಿ ‘ಮೈ ಫಾದರ್ ಈಸ್ ಎ ರೈಟರ್’ ಎಂದು ಬರೆದಿದ್ದೆ. ಸಂದರ್ಶನದಲ್ಲಿ ‘ಯಾವ ಪುಸ್ತಕ ಬರೆದಿದ್ದಾರೆ?’ ಎಂದು ಕೇಳಿದರು. ನನ್ನ ವಾಕ್ಯ ತಪ್ಪೇ? ಈ ಪದದ ಮೂಲವೇನು?
– ಓದುಗರು, ಸಿದ್ದಾಪುರ

ಉತ್ತರ: ವ್ಯಾಕರಣದಲ್ಲಿ ತಪ್ಪಿಲ್ಲ. ಅರ್ಥ ಮಾತ್ರ ಹಳೆಯದು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ರೈಟರ್ ಎಂದರೆ ಗುಮಾಸ್ತ, ನೌಕರಿಯ ಮೊದಲ ಮೆಟ್ಟಿಲು. ಅದರ ಮೇಲೆ ಫ್ಯಾಕ್ಟರ್, ಆಮೇಲೆ ಜೂನಿಯರ್ ಮರ್ಚೆಂಟ್, ಕೊನೆಗೆ ಸೀನಿಯರ್ ಮರ್ಚೆಂಟ್. ರಾಬರ್ಟ್ ಕ್ಲೈವ್ 1744ರಲ್ಲಿ ಮದ್ರಾಸಿಗೆ ಬಂದಿಳಿದದ್ದು ರೈಟರ್ ಆಗಿಯೇ. ಕಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಕವಿಗಳಿಗೆ ಕಟ್ಟಿಸಿದ್ದಲ್ಲ, ಈ ಗುಮಾಸ್ತರಿಗೆ! ಈಗಿನ ಸಾಮಾನ್ಯ ಇಂಗ್ಲಿಷಿನಲ್ಲಿ ಆ ಅರ್ಥ ಮರೆಯಾಗಿದೆ. ನಮ್ಮ ತೋಟಗಳಲ್ಲೂ ಪೊಲೀಸ್ ಠಾಣೆಗಳಲ್ಲೂ ಗಟ್ಟಿಯಾಗಿ ಉಳಿದಿದೆ. ಚೆಕ್‌ರೋಲಿನಲ್ಲಿ ಹಾಜರಿ ಹಾಕುವುದು, ಕೊಯ್ದ ಹಣ್ಣಿನ ತೂಕ ಬರೆಯುವುದು, ವಾರದ ಬಟವಾಡೆಯ ಲೆಕ್ಕ ಇಡುವುದು – ಇಷ್ಟನ್ನೂ ಮಾಡುವವರನ್ನು ಕೊಡಗಿನಲ್ಲಿ ರೈಟರ್ ಎಂದು ಕರೆಯುವುದು ಸರಿಯಾದ ಬಳಕೆಯೇ. ಹೊರಗಿನವರಿಗೆ ಕೊಡುವ ಅರ್ಜಿಯಲ್ಲಿ ಮಾತ್ರ ‘ಎಸ್ಟೇಟ್ ಕ್ಲರ್ಕ್’ ಎನ್ನಿ. ಹಿಂದೆ ‘ಆ್ಯನ್’ (an) ಸೇರಿಸುವುದನ್ನು ಮರೆಯಬೇಡಿ: ‘ಆ್ಯನ್ ಎಸ್ಟೇಟ್ ಕ್ಲರ್ಕ್’. ಎಸ್ಟೇಟ್ ಸ್ವರದಿಂದ ಶುರುವಾಗುವುದರಿಂದ ಅಲ್ಲಿ ‘ಎ’ ನಿಲ್ಲುವುದಿಲ್ಲ. ‘ತೋಟದಲ್ಲಿ ಕೆಲಸ’ ಎನ್ನುವುದಕ್ಕೂ ಇಂಗ್ಲಿಷಿನವರು ‘ಆನ್ (on) ದಿ ಎಸ್ಟೇಟ್’ ಎನ್ನುತ್ತಾರೆ, ‘ಇನ್’ ಅಲ್ಲ. ನಮ್ಮ ‘ಅಲ್ಲಿ’ ವಿಭಕ್ತಿಯ ಗುಂಗಿನಲ್ಲಿ ಎಡವುವುದು ಇಲ್ಲೇ.

ಮೂಲ ಕೇಳಿದ್ದೀರಿ. ಹಳೆಯ ಇಂಗ್ಲಿಷಿನ ‘ವ್ರೀತನ್’ ಎಂದರೆ ಗೀರು, ಕೊರೆ. ಜರ್ಮನ್ನರು ಬರೆಯುವುದಕ್ಕೆ ಲ್ಯಾಟಿನ್ನಿನಿಂದ ‘ಶ್ರೈಬೆನ್’ ಎಂಬ ಪದ ತಂದುಕೊಂಡರೆ, ಇಂಗ್ಲಿಷ್ ತನ್ನ ಗೀರುವ ಪದವನ್ನೇ ಉಳಿಸಿಕೊಂಡಿತು. ಮೈಮೇಲೆ ಎಳೆಯುವ ಬರೆಗೂ ಪುಸ್ತಕ ಬರೆಯುವುದಕ್ಕೂ ಒಂದೇ ಮಾತು ಇಟ್ಟುಕೊಂಡ ನಮಗೆ ಇದು ಅಚ್ಚರಿಯಲ್ಲ.

ಪ್ರಶ್ನೆ: ‘ರೈಟಿಂಗ್’ಗೆ ಒಂದು ‘ಟಿ’, ‘ರಿಟನ್’ಗೆ ಎರಡು. ಯಾಕೆ?
– ಓದುಗರು, ವಿರಾಜಪೇಟೆ

ಉತ್ತರ: ಹಿಂದಿನ ಸ್ವರವನ್ನು ಕೇಳಿಸಿಕೊಳ್ಳಿ. ‘ರೈ’ ಎಂದು ‘ಐ’ ಕೇಳಿದರೆ ಒಂದೇ ‘ಟಿ’. ‘ರಿ’ ಎಂದು ಹ್ರಸ್ವವಾದರೆ ಎರಡು. ‘ಬೈಟಿಂಗ್’, ‘ಬಿಟನ್’ ಪದಗಳದ್ದೂ ಇದೇ ಲೆಕ್ಕ. ‘ರೈಟಿಂಗ್’ನಲ್ಲಿ ಎರಡು ‘ಟಿ’ ಹಾಕುವುದು ಉತ್ತರಪತ್ರಿಕೆಗಳ ಹಳೇ ಕಾಯಿಲೆ. ಮೊದಲ ‘ಡಬ್ಲ್ಯೂ’ ಒಂದು ಕಾಲದಲ್ಲಿ ಉಚ್ಚಾರವಾಗುತ್ತಿತ್ತು. ನಾಲಿಗೆ ಅದನ್ನು ಬಿಟ್ಟಿತು, ಕಾಗುಣಿತ ಬಿಡಲಿಲ್ಲ.