ಗೋಡೆ ಒಡೆಸುವ ಮೊದಲು ಅಳೆದು ನೋಡಿ

ನಲ್ಲಿ, ಪೈಪು, ಟ್ಯಾಂಕು, ಸಂಪು: ಓದುಗರ ಪ್ರಶ್ನೆಗಳಿಗೆ ನಮ್ಮ ಪ್ಲಂಬರ್ ಅಂಕಣಕಾರರ ಉತ್ತರ

ಪ್ರಶ್ನೆ: ನಮ್ಮದು ಮಹಡಿ ಮನೆ. ಮೇಲಿನ ಬಚ್ಚಲಿನ ಕೆಳಗೆ ಬರುವ ಹಾಲ್‌ನ ಸೀಲಿಂಗ್ ಒದ್ದೆಯಾಗಿ ಬಣ್ಣ ಉದುರುತ್ತಿದೆ. ನೋಡಲು ಬಂದವರು, "ಟೈಲ್ಸ್ ಪೂರ್ತಿ ಒಡೆದು ಪೈಪೆಲ್ಲಾ ಹೊಸದು ಹಾಕಬೇಕು" ಎಂದರು. ಬೇರೆ ದಾರಿಯೇ ಇಲ್ಲವೇ?
– ಗೃಹಿಣಿ, ಮೈಸೂರು

ಉತ್ತರ: ಇದೆ ಅಮ್ಮ. ಸದ್ಯಕ್ಕೆ ಯಾರ ಕೈಗೂ ಸುತ್ತಿಗೆ ಕೊಡಬೇಡಿ. ಈ ನೀರು ಮೂರು ಕಡೆಯಿಂದ ಬರಬಹುದು. ಒಂದು, ನೀರು ತರುವ ಪೈಪು. ಎರಡು, ಬಳಸಿದ ನೀರು ಹೋಗುವ ಪೈಪು. ಮೂರು, ನೆಲದ ಟೈಲ್ಸ್ ಸಂದು. ಮೂರಕ್ಕೂ ರಿಪೇರಿ ಬೇರೆ, ಖರ್ಚೂ ಬೇರೆ. ಯಾವುದು ಅಂತ ತಿಳಿಯದೆ ಒಡೆಸಿದರೆ ಹೊಸ ಟೈಲ್ಸ್ ಕೆಳಗೂ ಹಳೆಯ ಸೋರಿಕೆಯೇ ಮುಂದುವರಿಯುತ್ತದೆ. ಹಾಗೆ ಎರಡೆರಡು ಸಲ ಒಡೆಸಿಕೊಂಡವರ ಮನೆಗೆ ನಾನು ಹೋಗಿದ್ದೇನೆ. ಅವರ ಮುಖ ನೋಡುವುದೇ ಕಷ್ಟ.

ಮೊದಲು ನೀರು ತರುವ ಪೈಪನ್ನು ಪರೀಕ್ಷೆ ಮಾಡಿ. ರಾತ್ರಿಗೆ ಬೇಕಾದಷ್ಟು ನೀರು ಬಕೆಟ್‌ನಲ್ಲಿ ಹಿಡಿದಿಟ್ಟುಕೊಳ್ಳಿ. ಎಲ್ಲ ನಲ್ಲಿ ಬಂದ್ ಮಾಡಿ. ಟ್ಯಾಂಕಿಗೆ ನೀರು ತುಂಬುವುದನ್ನೂ ನಿಲ್ಲಿಸಿ. ಒಂದು ಕೋಲನ್ನು ಟ್ಯಾಂಕಿನ ತಳ ಮುಟ್ಟುವವರೆಗೆ ಇಳಿಬಿಟ್ಟು, ಎಲ್ಲಿಯವರೆಗೆ ಒದ್ದೆಯಾಯಿತೋ ಅಲ್ಲಿಗೆ ಗೆರೆ ಹಾಕಿ. ಬೆಳಿಗ್ಗೆ ಅದೇ ಕೋಲು ಇಳಿಬಿಟ್ಟು ನೋಡಿ. ನೀರು ಅಷ್ಟೇ ಇದ್ದರೆ ಈ ಪೈಪುಗಳ ತಪ್ಪಿಲ್ಲ.

ಇಳಿದಿದ್ದರೂ ಗೋಡೆಯೊಳಗಿನ ಪೈಪನ್ನು ಆಗಲೇ ದೂರಬೇಡಿ. ಮೊದಲ ಅನುಮಾನ ಫ್ಲಶ್ ಟ್ಯಾಂಕಿನ ಮೇಲೆ ಇರಲಿ. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಅದರೊಳಗೆ ಬಿಟ್ಟು, ಫ್ಲಶ್ ಮಾಡದೆ 20 ನಿಮಿಷ ಕಾಯಿರಿ. ಕಮೋಡಿನಲ್ಲಿ ನೀಲಿ ಕಂಡರೆ ಒಳಗಿನ ವಾಷರ್ ಸವೆದಿದೆ. ಅದನ್ನು ಬದಲಿಸಿದರೆ ಆಯಿತು. ಎಷ್ಟೋ ಮನೆಗಳಲ್ಲಿ ಹಗಲೂ ರಾತ್ರಿ ನೀರು ಹೀಗೆ ಸದ್ದಿಲ್ಲದೆ ಹೋಗುತ್ತಿರುತ್ತದೆ. ಇನ್ನೊಂದು ರಾತ್ರಿ ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಗೋಡೆಯ ಸಣ್ಣ ನಲ್ಲಿ, ಅಂದರೆ ಆಂಗಲ್ ಕಾಕ್ ಕೂಡ ಮುಚ್ಚಿ, ಮತ್ತೆ ಅಳೆಯಿರಿ. ಆಗಲೂ ನೀರು ಇಳಿದರೆ ಗೋಡೆಯೊಳಗೆ ಪೈಪು ಸೋರುತ್ತಿದೆ ಅಂತ ಲೆಕ್ಕ. ಪ್ರತಿ ಲೈನಿನ ನೀರು ತಡೆಯುವ ಗೇಟ್ ವಾಲ್ವನ್ನು ಒಂದೊಂದಾಗಿ ಮುಚ್ಚುತ್ತಾ ಹೋದರೆ ಯಾವ ಲೈನ್ ಎಂಬುದೂ ಗೊತ್ತಾಗುತ್ತದೆ.

ಆಮೇಲೆ ನೆಲ. ಪ್ಲಾಸ್ಟಿಕ್ ಕವರಿನಲ್ಲಿ ಬಟ್ಟೆ ತುಂಬಿ ನೀರು ಹೋಗುವ ತೂತನ್ನು ಬಿಗಿಯಾಗಿ ಮುಚ್ಚಿ. ನೆಲದ ಮೇಲೆ ಒಂದು ಬೆರಳು ದಪ್ಪ ನೀರು ನಿಲ್ಲಿಸಿ, 24 ಗಂಟೆ ಬಿಡಿ. ಕೆಳಗೆ ಒದ್ದೆ ಹೆಚ್ಚಿದರೆ ಟೈಲ್ಸ್ ಸಂದು, ಇಲ್ಲವೇ ನಹಾನಿ ಟ್ರ್ಯಾಪಿನ (ಆ ತೂತಿನ ಕೆಳಗೆ ಕೂರಿಸಿದ, ಸ್ವಲ್ಪ ನೀರು ನಿಲ್ಲಿಸಿಕೊಳ್ಳುವ ಪ್ಲಾಸ್ಟಿಕ್ ಬಟ್ಟಲು) ಅಂಚು. ಹೆಚ್ಚದಿದ್ದರೆ ತೂತು ಬಿಡಿಸಿ, ನೆಲಕ್ಕೆ ಚೆಲ್ಲದಂತೆ ನೇರವಾಗಿ ಅದರೊಳಗೇ ಐದಾರು ಬಕೆಟ್ ನೀರು ಸುರಿಯಿರಿ. ಈಗ ಒದ್ದೆ ಹೆಚ್ಚಿದರೆ ನೀರು ಹೋಗುವ ಪೈಪಿನದೇ ತೊಂದರೆ.

ನಾನು ಕಂಡಂತೆ ಜಾಸ್ತಿ ಸಲ ಸೋರುವುದು ನಹಾನಿ ಟ್ರ್ಯಾಪಿನ ಸುತ್ತಲೇ. ಪ್ಲಾಸ್ಟಿಕ್ಕಿಗೆ ಸಿಮೆಂಟು ಸರಿಯಾಗಿ ಕಚ್ಚುವುದಿಲ್ಲ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರಿಗೆ ಅಷ್ಟು ಜಾಗ ಸಾಕು. ಅಲ್ಲಿನ ಒಂದೆರಡು ಟೈಲ್ಸ್ ಮಾತ್ರ ತೆಗೆಸಿ, ಸುತ್ತ ಕುಗ್ಗದಂಥ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿಸಿ, ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಿ. ಬರೀ ಸಂದು ಸೋರುತ್ತಿದ್ದರೆ ಹಳೆಯ ಬಿಳಿ ಸಿಮೆಂಟು ಕೆರೆಸಿ ಎಪಾಕ್ಸಿ ಗ್ರೌಟ್ ಹಾಕಿಸಿದರೆ ಆಗುತ್ತದೆ. ಸೀಲಿಂಗ್‌ಗೆ ಬಣ್ಣ ಹೊಡೆಸಲು ಅವಸರ ಬೇಡ. ಸ್ಲ್ಯಾಬ್ ಒಣಗಲು ವಾರಗಟ್ಟಲೆ ಬೇಕು.

ಪ್ರಶ್ನೆ: ಗುಡ್ಡದ ಮೇಲಿನ ಒರತೆಯಿಂದ ಕಪ್ಪು ಪೈಪಿನಲ್ಲಿ ಮನೆಗೆ ನೀರು ತಂದಿದ್ದೇವೆ. ಬೇಸಿಗೆ ಬಂತೆಂದರೆ ಒರತೆಯಲ್ಲಿ ನೀರಿದ್ದರೂ ಮನೆಯಲ್ಲಿ ನಿಂತುಹೋಗುತ್ತದೆ. ಪೈಪಿಗೆ ಬಾಯಿಟ್ಟು ಎಳೆದರೆ ಸ್ವಲ್ಪ ಹೊತ್ತು ಬರುತ್ತದೆ, ಮತ್ತೆ ನಿಲ್ಲುತ್ತದೆ.
– ಕೃಷಿಕರು, ತೀರ್ಥಹಳ್ಳಿ

ಉತ್ತರ: ಕರೆಂಟಿನ ಹಂಗಿಲ್ಲದೆ ಮನೆಬಾಗಿಲಿಗೆ ಬರುವ ನೀರು ನಿಮ್ಮದು. ಅದನ್ನು ಬಿಟ್ಟು ಬೋರ್ ಕೊರೆಸಲು ಮಾತ್ರ ಹೋಗಬೇಡಿ. ನಿಮ್ಮ ಪೈಪಿನಲ್ಲಿ ಗಾಳಿ ಕಟ್ಟಿಕೊಂಡಿದೆ, ಅಷ್ಟೇ.

ಪೈಪು ನೆಲದ ಏರಿಳಿತದ ಜೊತೆಗೇ ಏರಿ ಇಳಿಯುತ್ತದೆ. ಏರಿದ ಕಡೆಯಲ್ಲೆಲ್ಲ ಗಾಳಿ ಸೇರುತ್ತದೆ. ಮಳೆಗಾಲದಲ್ಲಿ ನೀರಿನ ರಭಸಕ್ಕೆ ಅದು ಕೊಚ್ಚಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಹರಿವು ನಿಧಾನ, ಗಾಳಿ ಅಲ್ಲೇ ಕೂತುಬಿಡುತ್ತದೆ. ಜೊತೆಗೆ ಒರತೆಯ ನೀರು ಇಳಿದಾಗ ಪೈಪಿನ ಬಾಯಿಯೇ ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ಆ ಬಾಯಿ ಯಾವಾಗಲೂ ನೀರಿನೊಳಗೆ ಗೇಣುದ್ದ ಮುಳುಗಿರಲಿ. ಜಾಳಿಗೆ ಕಟ್ಟಿದ್ದರೆ ಎಲೆ ಒಳಗೆ ಹೋಗುವುದಿಲ್ಲ.

ಒಂದು ದಿನ ಪೈಪಿನ ಉದ್ದಕ್ಕೂ ನಡೆದು ಎಲ್ಲೆಲ್ಲಿ ದಿಬ್ಬ ಏರಿದೆ ಅಂತ ಗುರುತು ಮಾಡಿ. ಅಲ್ಲೆಲ್ಲ ಪೈಪಿಗೆ ಒಂದು ಟೀ (T ಆಕಾರದ ಮೂರು ಬಾಯಿಯ ಜೋಡಣೆ) ಹಾಕಿ, ಅದಕ್ಕೆ ಸಣ್ಣ ನಲ್ಲಿ ಕೂರಿಸಿ. ನೀರು ನಿಂತಾಗ ಮೇಲಿನಿಂದ ಒಂದೊಂದೇ ನಲ್ಲಿ ತೆರೆಯುತ್ತಾ ಬನ್ನಿ. ಮೊದಲು ಬುಸ್ ಎಂದು ಗಾಳಿ, ಆಮೇಲೆ ಗಾಳಿ-ನೀರು ಎರಡೂ, ಕೊನೆಗೆ ಬರೀ ನೀರು. ಆಗ ಮುಚ್ಚಿ. ಎಲ್ಲಾದರೂ ನಲ್ಲಿ ತೆರೆದಾಗ ಅದು ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಂಡರೆ, ಅಲ್ಲಿ ಪೈಪು ಇರಬೇಕಾದ್ದಕ್ಕಿಂತ ಎತ್ತರದಲ್ಲಿದೆ. ಆ ದಿಬ್ಬ ಬಿಟ್ಟು, ಸುತ್ತಿಹಾಕಿ ತಗ್ಗಿನಲ್ಲಿ ಪೈಪು ಎಳೆಯುವುದೇ ದಾರಿ. ತೀರಾ ತಗ್ಗಿನ ಜಾಗದಲ್ಲೂ ಒಂದು ನಲ್ಲಿ ಇರಲಿ. ಮಳೆಗಾಲ ಮುಗಿದ ಮೇಲೆ ತೆರೆದುಬಿಟ್ಟರೆ ಕೂತ ಮಣ್ಣು, ಮರಳು ಹೋಗುತ್ತದೆ.

ಪ್ರಶ್ನೆ: ಮೊದಲ ಮಹಡಿಯ ಶವರ್‌ನಲ್ಲಿ ನೀರು ಬಹಳ ಸಣ್ಣಗೆ ಬರುತ್ತದೆ. ಅಂಗಡಿಯವರು ಪ್ರೆಶರ್ ಪಂಪ್ ಹಾಕಿಸಿ ಎನ್ನುತ್ತಾರೆ.
– ಉದ್ಯೋಗಿ, ಬೆಂಗಳೂರು

ಉತ್ತರ: ಪಂಪು ಕೊನೆಗೆ. ನೀರಿನ ಒತ್ತಡ ಎತ್ತರದಿಂದ ಬರುತ್ತದೆ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ನಿಮ್ಮ ಟ್ಯಾಂಕು ಶವರ್‌ಗಿಂತ ಎರಡು ಮೂರು ಮೀಟರ್ ಮೇಲಿದ್ದರೆ ಸಿಗುವುದು ಅದರ ಕಾಲುಭಾಗ ಮಾತ್ರ. ತಟ್ಟೆಯಗಲದ ಶವರ್ ಅಷ್ಟಕ್ಕೆ ಕೆಲಸ ಮಾಡುವುದಿಲ್ಲ, ಚಿಕ್ಕದು ಹಾಕಿ.

ಬೋರ್ ನೀರಾದರೆ ಶವರ್ ಬಿಚ್ಚಿ ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿಡಿ. ತೂತಿಗೆ ಕಟ್ಟಿದ ಬಿಳಿ ಗಟ್ಟಿ ಕರಗುತ್ತದೆ. ಟ್ಯಾಂಕಿನ ಬುಡದ ಗೇಟ್ ವಾಲ್ವನ್ನೂ ನೋಡಿಸಿ. ಹಳೆಯದಾದರೆ ಒಳಗಿನ ಬಾಗಿಲು ಕಳಚಿ ಬಿದ್ದು ದಾರಿಗೆ ಅಡ್ಡ ನಿಂತಿರುತ್ತದೆ. ಮೇಲಿನ ಹಿಡಿ ಮಾತ್ರ ಸುಮ್ನೆ ತಿರುಗುತ್ತಿರುತ್ತದೆ. ಇದಿಷ್ಟೂ ನೋಡಿ, ಆಗಲೂ ಬೇಕೆನಿಸಿದರೆ ಪಂಪ್ ಹಾಕಿಸಿ, ಆದರೆ ಟ್ಯಾಂಕಿನಿಂದ ಬರುವ ಲೈನಿಗೆ ಮಾತ್ರ. ಬೀದಿಯ ಕಾವೇರಿ ಲೈನಿಗೆ ನೇರ ಮೋಟರ್ ಕೂರಿಸುವುದು ನಿಯಮಕ್ಕೆ ವಿರುದ್ಧ. ಪಕ್ಕದ ಮನೆಯವರ ನೀರು ಕಸಿದಂತಾಗುತ್ತದೆ. ಪೈಪಿನ ಬಿರುಕಿನಿಂದ ಚರಂಡಿ ನೀರನ್ನೂ ಅದು ಎಳೆದುಕೊಳ್ಳಬಹುದು.

ಪ್ರಶ್ನೆ: ಗೀಸರ್ ಕಾಯುವಾಗ ಕೆಳಗಿನ ಸಣ್ಣ ವಾಲ್ವಿನಿಂದ ಹನಿ ಬೀಳುತ್ತದೆ. ಮುಚ್ಚಿಸಬಹುದೇ?
– ಓದುಗರು, ಗದಗ

ಉತ್ತರ: ಖಂಡಿತ ಬೇಡ. ನೀರು ಕಾದಾಗ ಹಿಗ್ಗುತ್ತದೆ. ಹೆಚ್ಚಾದ ಒತ್ತಡವನ್ನು ಆ ಸೇಫ್ಟಿ ವಾಲ್ವ್ ಹೊರಗೆ ಬಿಡುತ್ತಿದೆ. ಅದನ್ನು ಮುಚ್ಚಿದರೆ ಟ್ಯಾಂಕು ಸಿಡಿಯುವ ಅಪಾಯವಿದೆ. ಗೀಸರ್ ಆರಿಸಿ ನೀರು ತಣ್ಣಗಾದ ಮೇಲೂ ಹನಿಯುತ್ತಿದ್ದರೆ ವಾಲ್ವ್ ಬದಲಿಸಿ. ನಿಮ್ಮ ಕಡೆ ನೀರು ಗಡಸು. ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತೆಗೆಸಿ, ಒಳಗಿನ ಮೆಗ್ನೀಷಿಯಂ ಕಡ್ಡಿ ಸವೆದಿದೆಯಾ ನೋಡಿಸಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ.

ಪ್ರಶ್ನೆ: ನೆಂಟರು ಬಂದಾಗ ಮಾತ್ರ ಬಳಸುವ ಬಚ್ಚಲು. ಎಷ್ಟು ತೊಳೆದರೂ ನಾತ.
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಮೇಷ್ಟ್ರೇ, ಟ್ರ್ಯಾಪಿನಲ್ಲಿ ನಿಲ್ಲಬೇಕಾದ ನೀರು ಆರಿಹೋಗಿದೆ. ಚರಂಡಿಯ ಗಾಳಿಯನ್ನು ತಡೆಯುವುದೇ ಆ ನೀರು. ವಾರಕ್ಕೊಮ್ಮೆ ಎರಡು ಚೊಂಬು ನೀರು ಹಾಕಿ. ಊರಿಗೆ ಹೋಗುವಾಗ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ನಾತಕ್ಕೆಂದು ಆ್ಯಸಿಡ್, ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಸುರಿಯಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ.

ಪ್ರಶ್ನೆ: ಸಂಪು ತೊಳೆದು ಬಹಳ ವರ್ಷವಾಯಿತು. ಮಗ ತಾನೇ ಇಳಿದು ತೊಳೆಯುತ್ತೇನೆ ಎನ್ನುತ್ತಾನೆ.
– ತಾಯಿ, ತುಮಕೂರು

ಉತ್ತರ: ಇಳಿಸಬೇಡಿ ಅಮ್ಮ, ದಯವಿಟ್ಟು. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿಯೇ ಕಡಿಮೆಯಾಗಿರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ದೀಪ ಇಳಿಬಿಟ್ಟು ನೋಡುವುದನ್ನು ನಂಬಬೇಡಿ. ಕೆಲವು ವಿಷಗಾಳಿ ಇದ್ದರೂ ದೀಪ ಉರಿಯುತ್ತದೆ. ಒಳಗೆ ಪೆಟ್ರೋಲ್, ಡೀಸೆಲ್ ಪಂಪ್ ಓಡಿಸಿದರಂತೂ ಹೊಗೆಯೇ ಜೀವ ತೆಗೆಯುತ್ತದೆ.

ಗಾಳಿ ಅಳೆಯುವ ಉಪಕರಣ, ಬ್ಲೋವರ್, ಸೊಂಟಕ್ಕೆ ಕಟ್ಟುವ ಹಗ್ಗ ಇರುವ ತಂಡವನ್ನೇ ಕರೆಸಿ. ಮೇಲಿನಿಂದಲೇ ಜೋರಾಗಿ ನೀರು ಹಾಯಿಸಿ ಕೆಸರು ಹೀರುವ ಯಂತ್ರ ಇದ್ದರೆ ಇನ್ನೂ ಒಳ್ಳೆಯದು. ಸಂಪಿನೊಳಗೆ ಮೋಟರ್ ಇದ್ದರೆ ಸ್ವಿಚ್ ಆರಿಸಿದರೆ ಸಾಲದು, ಮೇನನ್ನೇ ತೆಗೆಯಿರಿ. ಮೇಲೆ ಒಬ್ಬರು ಕಣ್ಣಿಟ್ಟು ನಿಂತಿರಲೇಬೇಕು. ಇಳಿದವರು ಕುಸಿದರೆ ಅವರ ಹಿಂದೆ ಯಾರೂ ಇಳಿಯಬಾರದು. ಹಗ್ಗ ಹಿಡಿದು ಮೇಲಕ್ಕೆ ಎಳೆಯಿರಿ, 112ಕ್ಕೆ ಫೋನ್ ಮಾಡಿ. ನಿಮ್ಮ ಮಗನಿಗೆ ಈ ಉತ್ತರವನ್ನೇ ಓದಲು ಕೊಡಿ.